ಯಾರೂ ಪ್ರಶ್ನೆ ಕೇಳಲಿಲ್ಲ

ಮಾರ್ಚ್ 6, ಗುರುವಾರ. ಬೆಳಿಗ್ಗೆ

ಸೀನು ನಿಂತಿಲ್ಲ. ನಗೋಯಾದಲ್ಲಿ ಅರ್ಧ ಊರೇ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದೆ, ಎಲ್ಲ ಮರದ ಪರಾಗದ ಕೃಪೆ. ಮಗಳು ದೀಕ್ಷಾಳ ಬೆಂತೋ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಾಗ ತಮ್ಮ ಮೌಳಿಯ ಫೋನು. ಅವನಿಗೆ ಅಲ್ಲಿ ಸಂಜೆ. ವಿಡಿಯೋದಲ್ಲಿ ಮುಖಕ್ಕಿಂತ ಮೊದಲು ಕೆಚಪ್ ಬಾಟಲಿ ತೋರಿಸಿದ.

"ಇದ್ರ ಲೇಬಲ್ ನೋಡು ಅಕ್ಕ, ಅಮೆರಿಕದ್ದು. ಇವತ್ತಿಂದ ಬಂದ್. ವೈನ್ ಶಾಪಲ್ಲೂ ಅವ್ರ ಮಾಲೆಲ್ಲ ತೆಗ್ದಾಯ್ತು. ನಮ್ ಮೇಲೆ ಸುಂಕ ಹಾಕ್ತಾರಂತೆ. ನಾವೇನು ಬಿಟ್ಟಿ ಬಿದ್ದಿದೀವಾ?"

"ನಾವು ಅಂದ್ರೆ ಯಾರೋ?"

"ಕೆನಡಾದೋರು."

ಮೈಸೂರಿನ ಸರಸ್ವತಿಪುರಂನಲ್ಲಿ ಹುಟ್ಟಿದವನು. ಪೌರತ್ವ ಬಂದು ಎರಡು ವರ್ಷವೂ ಆಗಿಲ್ಲ. ನಕ್ಕೆ, ಅವನು ನಗಲಿಲ್ಲ. ವಿಂಡ್ಸರಿನ ಅವನ ಮನೆಯಿಂದ ಸೇತುವೆ ದಾಟಿದರೆ ಅಮೆರಿಕದ ಡೆಟ್ರಾಯ್ಟ್. ಮೊನ್ನೆಮೊನ್ನೆಯವರೆಗೆ ಹಾಲು, ಪೆಟ್ರೋಲು ಎಲ್ಲ ಅಲ್ಲಿಂದಲೇ. ಫ್ಲಾರಿಡಾ ಟ್ರಿಪ್ಪೂ ಕ್ಯಾನ್ಸಲ್. ಅವನ ಹೆಂಡತಿ ವರ್ಷಿಣಿ ಹಿಂದೆ ನಿಂತು ತಲೆ ಚಚ್ಚಿಕೊಂಡಳು.

ಅವನನ್ನು ನಮ್ಮ ಕಂಪನಿಯ ವಿಂಡ್ಸರ್ ಪ್ಲಾಂಟಿಗೆ ಸೇರಿಸಿದ್ದು ನಾನೇ. ಕಾರಿನ ಬಾಗಿಲಿನ ಹಿಂಜ್ ಮಾಡುವ ಲೈನ್ ಈಗ ಅವನ ಕೈಯಲ್ಲಿದೆ.

ಮಾರ್ಚ್ 11, ಮಂಗಳವಾರ

ಕಾವಾಮುರಾ-ಸಾನ್ ಲಿಫ್ಟಿನ ಹತ್ತಿರ ಹಿಡಿದರು. ನನ್ನ ಬಾಸ್ ಮುಖ್ಯವಾದದ್ದನ್ನು ಎಂದೂ ಕುರ್ಚಿಯಲ್ಲಿ ಕುಳಿತು ಹೇಳಿದವರಲ್ಲ. "ಸುಮ್ಮನೆ ಒಂದು ಯೋಚನೆ ವೇದಾ-ಸಾನ್... ಹಿಂಜ್ ಲೈನು ಅಮೆರಿಕದಲ್ಲಿ, ನಮ್ಮ ಟೆನೆಸಿಯ ಪ್ಲಾಂಟಿನಲ್ಲಿ ಓಡುವುದಾದರೆ ಹೇಗೆ? ಒಂದು ಲೆಕ್ಕಾಚಾರ ಹಾಕಿ, ಬೇರೆ ವಿಭಾಗದವರನ್ನೂ ಕೇಳಿ ನೋಡಿ. ನಿಮಗೆ ಏನನಿಸುತ್ತದೆ?"

ಮಾಡೋಣ ಎಂದೆ. ಸುಂಕದ ಗಲಾಟೆ ಶುರುವಾದಾಗಿನಿಂದ ಇಂಥ 'ಒಂದು ವೇಳೆ'ಗಳು ದಿನಕ್ಕೊಂದು. ಮೆಕ್ಸಿಕೊ ಲೆಕ್ಕ ಹಾಕಿದೆವು, ಥಾಯ್‌ಲ್ಯಾಂಡ್ ಲೆಕ್ಕ ಹಾಕಿದೆವು. ಎಲ್ಲ ಕಂಪ್ಯೂಟರಿನಲ್ಲೇ ಮಲಗಿವೆ.

ಮಾರ್ಚ್ 19, ಬುಧವಾರ

ಟೆನೆಸಿಯ ಲೆಕ್ಕ ಹಿಡಿದು ಎಲ್ಲ ವಿಭಾಗಗಳನ್ನೂ ಸುತ್ತಿ ಮುಗಿಯಿತು. ಖರೀದಿಯವರು ಸರಿ ಅಂದರು, ಸಾಗಣೆಯವರು ಸರಿ ಅಂದರು. ಕ್ವಾಲಿಟಿಯ ಓನೋ-ಸಾನ್, ಬೋಲ್ಟಿನ ಬಣ್ಣಕ್ಕೂ ತಗಾದೆ ತೆಗೆಯುವ ಮನುಷ್ಯ, ಎರಡೇ ಸಂದೇಹ ಕೇಳಿದರು. ತಿದ್ದಿಕೊಟ್ಟ ಮೇಲೆ ಅವರೂ ಸರಿ ಅಂದರು. ಇಷ್ಟು ಸಲೀಸಾಗಿ ಇಲ್ಲಿ ಎಂದೂ ಕೆಲಸ ಆಗಿದ್ದಿಲ್ಲ. ನನ್ನ ಜಪಾನೀಸ್ ಸುಧಾರಿಸಿರಬೇಕು... ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಮೆಲನ್ ಬ್ರೆಡ್ ಕೊಂಡು ಒಬ್ಬಳೇ ತಿಂದೆ. ನಾಳೆ ರಜ.

ಮಾರ್ಚ್ 27, ಗುರುವಾರ

ವರ್ಷಿಣಿ ಫೋನ್ ಮಾಡಿ ಗೋಳಾಡಿದಳು. ಮೌಳಿಗೆ ಡೆಟ್ರಾಯ್ಟಿನ ಒಂದು ಕಂಪನಿಯಿಂದ ಕೆಲಸ ಬಂದಿದೆಯಂತೆ. ಮನೆ ಬದಲಿಸಬೇಕಿಲ್ಲ, ಸೇತುವೆ ದಾಟಿ ಹೋಗಿಬಂದರೆ ಆಯಿತು. ಏಪ್ರಿಲ್ ಹನ್ನೊಂದು, ಶುಕ್ರವಾರದೊಳಗೆ ಉತ್ತರ ಕೊಡಬೇಕು. ಇವನು ಬೇಡ ಅನ್ನುತ್ತಿದ್ದಾನೆ.

"ಪ್ಲಾಂಟಲ್ಲಿ ಎಲ್ರೂ ಅವನ ಹಾಗೇ ಆಗಿದಾರೆ ಅತ್ತಿಗೆ. ಲಾಕರ್ ಮೇಲೆಲ್ಲ ಮೇಪಲ್ ಎಲೆ ಅಂಟಿಸ್ಕೊಂಡು... ನೀವಾದ್ರೂ ಬುದ್ಧಿ ಹೇಳಿ."

ಅವನೇ ಫೋನ್ ಕಿತ್ತುಕೊಂಡ. "ನಮ್ಮನ್ನ ಮುಳುಗಿಸ್ತೀವಿ ಅನ್ನೋರ ಹತ್ರ ಸಂಬಳ ತಗೋಬೇಕಾ? ಅದೆಲ್ಲ ಬಿಡು, ಒಂದು ಹೇಳು. ನಮ್ ಪ್ಲಾಂಟ್ ಸೇಫ್ ತಾನೆ?"

"ಸೇಫಪ್ಪ. ನಿಮ್ ಡಗ್ ಇಲ್ಲಿಗೆ ಬರ್ತಿದಾನಲ್ಲ, ಅವನೇ ಬಂದು ಮಾತಾಡ್ಲಿ."

ಡಗ್ ಅವರ ಪ್ಲಾಂಟ್ ಮ್ಯಾನೇಜರ್. ಟೆನೆಸಿಯದು ಬರೀ ಲೆಕ್ಕ, ಮೆಕ್ಸಿಕೊದ ಹಾಗೆ ಅದೂ ಕಂಪ್ಯೂಟರಿನಲ್ಲೇ ಮಲಗುತ್ತದೆ.

ಏಪ್ರಿಲ್ 8, ಮಂಗಳವಾರ. ಸಂಜೆ

ಬರೆದರೆ ತಲೆಗೆ ಹತ್ತೀತು.

ಡಗ್ ಬಂದ. ಎಲ್ಲರಿಗೂ ಒಂದೊಂದು ಮೇಪಲ್ ಬಿಸ್ಕತ್ತಿನ ಡಬ್ಬಿ. ನಾನೇ ದುಭಾಷಿ. ಅವನು ನಿಂತೇ ಮಾತಾಡಿದ. ಸುಂಕದ ಹೊರೆ ತಗ್ಗಿಸಲು ಕಾರ್ಮಿಕರು ಶನಿವಾರವೂ ಬರಲು ಒಪ್ಪಿದ್ದಾರೆ, ಯೂನಿಯನ್ ರುಜು ಹಾಕಿದೆ. ಕೊನೆಗೆ ದನಿ ಒಡೆಯಿತು. ಪಕ್ಕದ ಮನೆಯವನು ನಮ್ಮ ಕೈ ಬಿಟ್ಟ, ನೀವು ಬಿಡಬೇಡಿ ಎಂದ. ಅದನ್ನು ಒಂದಕ್ಷರ ಬಿಡದೆ ಜಪಾನೀಸಿನಲ್ಲಿ ಹೇಳಿದೆ.

ಎಲ್ಲರೂ ತಲೆಯಾಡಿಸಿದರು. ಬಾಗಿ ಅರಿಗಾತೋ ಹೇಳಿದರು. ಪ್ರಶ್ನೆಗಳಿದ್ದರೆ ಕೇಳಿ, ಎಂದೆ.

ಒಂದೂ ಇಲ್ಲ. ಓನೋ-ಸಾನ್ ಪೆನ್ನಿನ ಮುಚ್ಚಳ ಹಾಕುತ್ತಿದ್ದರು.

ಆಗ ಹೊಳೆಯಿತು. ಇಲ್ಲಿ ಮೀಟಿಂಗಿನಲ್ಲಿ ಯಾವುದೂ ತೀರ್ಮಾನವಾಗುವುದಿಲ್ಲ. ಮೊದಲೇ ಒಬ್ಬೊಬ್ಬರ ಬಳಿ ಹೋಗಿ, ಮೆಲ್ಲಗೆ ಮಾತಾಡಿ, ಎಲ್ಲರೂ ಸರಿ ಅಂದ ಮೇಲೆ ಮೀಟಿಂಗ್ ಬರೀ ಶಾಸ್ತ್ರ. ನೆಮವಾಶಿ ಅನ್ನುತ್ತಾರೆ. ಮರ ಕಿತ್ತು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಅಗೆದು ಸಡಿಲ ಮಾಡುವುದು. ಬೆಂಗಳೂರಿನಿಂದ ಹೊಸದಾಗಿ ಬಂದವರಿಗೆ ಪ್ರತಿವರ್ಷ ಈ ಪಾಠ ಹೇಳುವವಳು ನಾನೇ.

ವಿಭಾಗ ವಿಭಾಗ ಸುತ್ತಿ ಅಗೆದವಳೂ ನಾನೇ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು ಪಾಪ ಡಗ್‌ನ ಕಥೆ. ಹೊರಗೆ ಬಂದು ನನ್ನ ಕೈ ಕುಲುಕಿದ. ಎಷ್ಟು ಒಳ್ಳೆಯ ಜನ, ಒಬ್ಬರೂ ಎದುರಾಡಲಿಲ್ಲ ಅಂದ.

ಊಟಕ್ಕೆ ಕುಳಿತಾಗ ದೀಕ್ಷಾಗೆ ಹೇಳಿದೆ. "ನೋ ಕ್ವೆಶ್ಚನ್ಸ್ ಎಟ್ ಆಲ್? ದೆನ್ ಇಟ್ಸ್ ಓವರ್, ಅಮ್ಮಾ," ಅಂದಳು, ತಟ್ಟೆಯಿಂದ ತಲೆ ಎತ್ತದೆ. ಹದಿಮೂರು ವರ್ಷದವಳಿಗೆ ಗೊತ್ತಾಗಿದ್ದು ನನಗೆ ಗೊತ್ತಾಗಲಿಲ್ಲ.

ಏಪ್ರಿಲ್ 9, ಬುಧವಾರ

ಕಾವಾಮುರಾ-ಸಾನ್ ಹತ್ತಿರ ನೇರವಾಗಿ ಕೇಳಿದೆ. ಹೌದು. ಲೈನು ಟೆನೆಸಿಗೆ. ಮೇ ರಜೆ ಮುಗಿದ ಮೇಲೆ ಪ್ರಕಟಣೆ. ಅಲ್ಲಿಯವರೆಗೆ ಮನೆಯವರಿಗೂ ಹೇಳುವಂತಿಲ್ಲ.

ನನ್ನ ತಮ್ಮ ಅಲ್ಲಿದ್ದಾನೆ, ಅಂದೆ.

"ಗೊತ್ತು ವೇದಾ-ಸಾನ್. ಅದಕ್ಕೇ ಎಲ್ಲರಿಗಿಂತ ಮೊದಲು ನಿಮ್ಮನ್ನು ಕೇಳಿದೆ. ನೀವು ಬೇಡ ಅಂದಿದ್ದರೆ ನಾನು ಮುಂದಕ್ಕೆ ಒಯ್ಯುತ್ತಿರಲಿಲ್ಲ."

ಲಿಫ್ಟಿನ ಹತ್ತಿರ. ನಿಮಗೆ ಏನನಿಸುತ್ತದೆ, ಅಂದಿದ್ದರು. ಮಾತಿನ ಕೊನೆಯ ಬಾಲ ಅಂದುಕೊಂಡಿದ್ದೆ.

ಅವರ ಮುಖದಲ್ಲಿ ಕಪಟ ಇರಲಿಲ್ಲ. ಮರ್ಯಾದೆ ಇತ್ತು. ಅದನ್ನೇ ತಡೆದುಕೊಳ್ಳಲಾಗುತ್ತಿಲ್ಲ.

ಏಪ್ರಿಲ್ 10, ಗುರುವಾರ

ಮೌಳಿಯ ವಾಯ್ಸ್ ಮೆಸೇಜ್: "ಅಕ್ಕ, ಡಗ್ ಫೋನ್ ಮಾಡಿದ್ದ. ಎಲ್ರೂ ಒಪ್ಪಿದ್ರಂತಲ್ಲ. ಇಲ್ಲಿ ಹಬ್ಬ ನಡೀತಿದೆ." ಹಿಂದೆ ಜನರ ಕೂಗು, ಚಪ್ಪಾಳೆ.

ಉತ್ತರ ಬರೆಯಲಿಲ್ಲ. ಹೇಳಿದರೆ ಕೆಲಸ ಹೋದೀತು, ಅದರ ಹಿಂದೆ ವೀಸಾ. ಹೆದರಿದ್ದೇನೆ. ಬೇರೆ ಹೆಸರು ಕೊಡುವುದು ಬೇಡ, ಇದು ಹೆದರಿಕೆಯೇ.

ಏಪ್ರಿಲ್ 12, ಶನಿವಾರ. ಬೆಳಿಗ್ಗೆ

ಅವನಿಗಿನ್ನೂ ಶುಕ್ರವಾರ. ಇನ್ನೂ ಸಮಯವಿದೆ ಅಂದುಕೊಂಡು ಫೋನ್ ಮಾಡಿದೆ. ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಲೈನು ಹೋಗ್ತಿದೆ ಮೌಳಿ, ಡೆಟ್ರಾಯ್ಟಿನವರಿಗೆ ಹೂಂ ಅನ್ನು.

ಚಿತ್ರ ನಿಂತುಹೋಯಿತೇನೋ ಅಂದುಕೊಂಡೆ, ಅಷ್ಟರಲ್ಲಿ ಕಣ್ಣು ಮಿಟುಕಿಸಿದ.

"ಮಧ್ಯಾಹ್ನಾನೇ ಬೇಡ ಅಂತ ಬರ್ದೆ ಅಕ್ಕ. ನೀನು ಸೇಫ್ ಅಂದಿದ್ಯಲ್ಲ."

ಫೋನನ್ನು ಮುಖದ ಹತ್ತಿರ ತಂದು ಕೇಳಿದ.

"ಡಗ್‌ಗೆ ಗೊತ್ತಾ?"

"ಇಲ್ಲ."

"ಸುಂಕದೋರು ಮಾಡಿದ್ರೆ ಅರ್ಥ ಆಗತ್ತೆ. ನಿಮ್ಮೋರೂ..." ಮುಖ ಒರೆಸಿಕೊಂಡ. ಅವನು 'ನಿಮ್ಮೋರು' ಅಂದಾಗ ನನ್ನನ್ನೂ ಸೇರಿಸಿದನೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ, ಚಿಕ್ಕವನಿದ್ದಾಗಿನ ದನಿಯಲ್ಲಿ ಕೇಳಿದ. "ಅಲ್ಲಿ ಎಲ್ಲಾ ಕೇಳ್ಕೊಂಡೇ ಮಾಡ್ತಾರೆ ಅಂತಿದ್ಯಲ್ಲ. ಒಬ್ರಾದ್ರೂ ಬೇಡ ಅಂದಿದ್ರೆ ನಿಲ್ತಿತ್ತಾ?"

"ನಿಲ್ತಿತ್ತು."

"ಮೊದ್ಲು ಯಾರನ್ನ ಕೇಳಿದ್ರು, ಅಕ್ಕ?"

ದೀಕ್ಷಾ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಅವನು ನನ್ನನ್ನೇ ನೋಡುತ್ತಿದ್ದ. ನನ್ನನ್ನ, ಅಂದೆ.