ನಿಲೋನ ಹೊಟ್ಟೆಯೊಳಗಿನ ಬಿಳುಪು

ನಾಗಾ, ಜೂನ್ ೧೪, ೨೦೧೧

ಪ್ರೀತಿಯ ಮಗಳು ಸಾಲ್ವೆಗೆ,

ಹೇಗಿದ್ದೀ? ಕುವೈತಿನ ಸೆಕೆಗೆ ಬರುವ ತಲೆನೋವು ಈಗ ಕಡಿಮೆಯೇ? ಆ ಮನೆಯ ಯಜಮಾನಿ ಹೊತ್ತಿಗೆ ಸರಿಯಾಗಿ ಉಣ್ಣಲು ಬಿಡುತ್ತಾಳೋ ಇಲ್ಲವೋ? ಫೋನಿನಲ್ಲಿ ಕೇಳಿದರೆ "ಎಲ್ಲಾ ಚೆನ್ನಾಗಿದೆ ಅಮ್ಮಾ" ಅನ್ನುತ್ತೀ, ನಾನೂ ಹಾಗೇ ಅನ್ನುತ್ತೇನೆ. ಸುಳ್ಳು ಹೇಳುವುದರಲ್ಲಿ ನೀನು ನನ್ನ ಮಗಳೇ ಸರಿ. ಅದಕ್ಕೇ ಈ ಸಲ ಕಾಗದ. ಪಕ್ಕದ ಮನೆಯ ಲೂರ್ದೆಸ್ ಸಂಜೆ ಕುವೈತಿಗೇ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಡುತ್ತೇನೆ.

ನಿನ್ನೆ ನಿನ್ನ ಮಗ ನಿಲೋನನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದೆ. ಇಸಾಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲವಲ್ಲ, ಅವಳೂ ಅಣ್ಣನ ಜೊತೆ ಬಂದಿದ್ದಳು. ಡಾಕ್ಟರಮ್ಮ ಪರದೆ ತಿರುಗಿಸಿ ತೋರಿಸಿದರು. ಕಿಡ್ನಿಯಲ್ಲಿ ಕಪ್ಪಗೆ ಕಾಣಬೇಕಾದ ಕಡೆಯೆಲ್ಲ ಬೆಳ್ಳಗಿದೆ, ಉಪ್ಪು ಕೂತಿದೆಯಂತೆ. ಹೋದ ಸಲಕ್ಕಿಂತ ಹೆಚ್ಚಾಗಿದೆ, ಎಡಗಡೆ ಹೊಸದೊಂದು ಕಲ್ಲೂ ಇದೆ. ಮನಿಲಾಕ್ಕೆ ಕಳಿಸಿದ್ದ ರಕ್ತದ ವರದಿಯೂ ಬಂದಿದೆ. ಅವನ ಲಿವರೇ ಆ ಉಪ್ಪನ್ನು ಅತಿಯಾಗಿ ಮಾಡುತ್ತದೆ, ಹುಟ್ಟುವಾಗಲೇ ಅಪ್ಪ ಅಮ್ಮ ಇಬ್ಬರಿಂದಲೂ ಬಂದದ್ದು, ದಿನವಿಡೀ ನೀರು ಕುಡಿಸುತ್ತಲೇ ಇರಿ ಎಂದರು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ: "ನಾನು ಮಾಡಿ ಹಾಕಿದ ಲಾಯಿಂಗಿಂದ ಹೀಗಾಯ್ತಾ ಡಾಕ್ಟ್ರೇ?" ತೆಂಗಿನ ಹಾಲಲ್ಲಿ ಬೆಂದ ಕೆಸುವಿನ ಎಲೆ ಇಲ್ಲದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ, ನಿನಗೇ ಗೊತ್ತು. "ಕೆಸುವಲ್ಲೂ ಅದೇ ಉಪ್ಪಿದೆ, ಇನ್ನು ಕೊಡ್ಬೇಡಿ. ಆದ್ರೆ ಕಾಯಿಲೆ ಬಂದಿದ್ದು ಅದ್ರಿಂದಲ್ಲ ಅಜ್ಜಿ" ಎಂದರು. ಅಲ್ಲವೆಂದರೇನು? ಸಾಕು ಎಂದರೂ ಮತ್ತೊಂದು ಸೌಟು ಬಡಿಸುತ್ತಿದ್ದವಳು ನಾನೇ. ಮನೆಗೆ ಬಂದವಳೇ ಹಿತ್ತಿಲ ಕೆಸುವನ್ನೆಲ್ಲ ಕಿತ್ತೆಸೆದೆ. "ಅಜ್ಜಿಗೆ ಹುಚ್ಚು ಹಿಡಿದಿದೆ" ಎಂದು ನಿಲೋ ಅತ್ತ.

ಅವರಪ್ಪ ಬದುಕಿದ್ದಿದ್ದರೆ ಔಷಧಿಯ ಖರ್ಚಿಗಾಗಿ ನೀನು ಸಮುದ್ರ ದಾಟಬೇಕಾಗಿರಲಿಲ್ಲ. ಹೊರಡುವ ದಿನ ನಿನ್ನ ಕಣ್ಣೊರೆಸಿ "ದೇವರು ಒಂದು ಮಗುವನ್ನಾದ್ರೂ ಚೆನ್ನಾಗಿ ಕೊಟ್ಟಿದ್ದಾನಲ್ಲೇ" ಎಂದಿದ್ದೆ. ಆ ಮಾತು ಆಡಬಾರದಿತ್ತು ಮಗಳೇ.

ಇನಾ ಮಾತೆ ನಿನ್ನನ್ನು ತನ್ನ ಸೆರಗಿನಲ್ಲಿ ಇಟ್ಟುಕೊಳ್ಳಲಿ. ಉಪವಾಸ ಮಲಗಬೇಡ.

ನಿನ್ನ ಅಮ್ಮ,
ಪುರಿಂಗ್

ತಾ.ಕ.: ಲೂರ್ದೆಸ್ ಬಾಗಿಲಲ್ಲಿ ನಿಂತು "ಬೇಗ ಚಿಕ್ಕಮ್ಮಾ, ಮನಿಲಾ ಬಸ್ಸು ತಪ್ಪುತ್ತೆ" ಎನ್ನುತ್ತಿದ್ದಾಳೆ. ಮೇಲೆ ಬರೆಯಲು ಕೈ ಬಾರದ್ದು ಒಂದಿದೆ. ನಿಲೋ ಮಂಚ ಹತ್ತಲು ಒಪ್ಪದೆ ರಂಪ ಮಾಡಿದ. ಅವನ ಹೆದರಿಕೆ ಬಿಡಿಸಲು ಡಾಕ್ಟರಮ್ಮ "ನೋಡು, ತಂಗೀಗೆ ನೋವೇ ಆಗಲ್ಲ" ಎಂದು ಇಸಾಳನ್ನು ಮೊದಲು ಮಲಗಿಸಿ, ಸುಮ್ಮನೆ ಅವಳ ಹೊಟ್ಟೆಯ ಮೇಲೂ ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಆಡಿಸಿದರು. ಕಚಗುಳಿಯೆಂದು ಅವಳು ಕಿಲಕಿಲ ನಕ್ಕಳು, ನಾವೆಲ್ಲ ನಕ್ಕೆವು. ಆಮೇಲೆ ಡಾಕ್ಟರಮ್ಮ ನಗಲಿಲ್ಲ. ಅವಳದೂ ಬೆಳ್ಳಗಿದೆ ಸಾಲ್ವೆ, ಎರಡೂ ಕಡೆ. ಅವಳ ರಕ್ತವನ್ನೂ ಮನಿಲಾಕ್ಕೆ ಕಳಿಸಿದ್ದಾರೆ. ನೀನು ಬಂದುಬಿಟ್ಟರೆ ಇಬ್ಬರ ಔಷಧಿಗೆ ಗತಿಯಿಲ್ಲ, ಹಾಗಂತ ಬರಬೇಡ ಎನ್ನಲು ನನಗೆ ಬಾಯಿಯೂ ಇಲ್ಲ. ಇಸಾಗೆ ಏನೂ ಹೇಳಿಲ್ಲ. ತನ್ನ ಹೊಟ್ಟೆಯ ಚಿತ್ರ ಅಣ್ಣನದಕ್ಕಿಂತ ಚೆನ್ನಾಗಿ ಬಂದಿದೆ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.