ಚಪ್ಪಲಿ ಸಂಘದವರ ಜೊತೆ ನಡೆದು ಬನ್ನಿ

ಸೋಮವಾರ
ಲಾಂಡ್ರಿಯಲ್ಲಿ, ಊಟದ ಬಿಡುವಿನ ಹೊತ್ತು

ನನ್ನ ಮಗಳ ಅಪ್ಪನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ಇದು ಬರೀ ರೂಢಿಯ ಮಾತಲ್ಲ, ನಿಜವಾಗಿಯೂ ಕ್ಷೇಮವಾಗಿದ್ದೇವೆ. ಮಗಳು ನನ್ನ ಭುಜದವರೆಗೆ ಬೆಳೆದಿದ್ದಾಳೆ. ಮಾತಿನಲ್ಲಂತೂ ನನ್ನ ತಲೆಯ ಮೇಲೇ ಕೂತಿದ್ದಾಳೆ. ನಾನು ಅದೇ ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿಕೊಂಡಿದ್ದೇನೆ. ಈ ಕಾಗದವನ್ನೂ ಇಸ್ತ್ರಿ ಮೇಜಿನ ಮೇಲಿಟ್ಟೇ ಬರೆಯುತ್ತಿದ್ದೇನೆ. ಅಕ್ಷರ ಅಲ್ಲಲ್ಲಿ ಸೊಟ್ಟಗಾಗಿದ್ದರೆ ಅದು ಪಕ್ಕದ ಯಂತ್ರದ ನಡುಕ, ನನ್ನ ಕೈಯದಲ್ಲ ಎಂದು ತಿಳಿಯಿರಿ.

ನಿಮ್ಮ ಕಾಗದ ಬಂತು. ನೀವು ಜೈಲಿಗೆ ಹೋದಾಗಿನಿಂದ ಬರೆದ ಒಂದು ಕಾಗದಕ್ಕೂ ನಾನು ಉತ್ತರ ಬರೆದಿಲ್ಲ. ಯಾಕೆಂದು ನಿಮಗೂ ಗೊತ್ತು, ನನಗೂ ಗೊತ್ತು, ಅದನ್ನು ಈಗ ಕೆದಕುವುದಿಲ್ಲ. ಆದರೆ ಈ ಕಾಗದ ಓದಿ ಸುಮ್ಮನಿರಲು ಆಗಲಿಲ್ಲ. ಶುಕ್ರವಾರ ಬಿಡುಗಡೆ, ಗ್ಯಾರೇಜಿನ ಗೆಳೆಯರು ಕಾರು ತರುತ್ತಾರೆ, ನಾಲ್ಕು ಜನ ಜೊತೆಗಿದ್ದರೆ ಬೀಗ ರಿಪೇರಿಯವನ ತಮ್ಮ ಬಾಲ ಬಿಚ್ಚಲಾರ ಎಂದು ಬರೆದಿದ್ದೀರಿ. ದಯವಿಟ್ಟು ಆ ಕಾರು ಹತ್ತಬೇಡಿ. ಬಸ್ಸಿನಲ್ಲಿ ಬನ್ನಿ, ಒಬ್ಬರೇ ಬನ್ನಿ, ಬರಿಗೈಯಲ್ಲಿ ಬನ್ನಿ. ನಿಲ್ದಾಣದಿಂದ ಮನೆಯವರೆಗೆ ನಿಮ್ಮ ಜೊತೆ ನಡೆಯಲು ಜನ ಇದ್ದಾರೆ. ಯಾವ ಜನ ಎಂದು ಹೇಳಹೊರಟರೆ ಕಾಗದ ಉದ್ದವಾಗುತ್ತದೆ. ಓದಿ. ಅಲ್ಲಿ ನಿಮಗೆ ಏನಿಲ್ಲದಿದ್ದರೂ ಪುರುಸೊತ್ತಿಗೆ ಬರವಿಲ್ಲವಲ್ಲ.

ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಲ್ಲಿಸಿದ ಒಂದು ಸ್ಕೂಟರಿಗಾಗಿ ನೀವು ಬೀಗ ರಿಪೇರಿಯವನ ಮಂಡಿಗೆ ಕಬ್ಬಿಣದ ರಾಡು ಬೀಸಿದಿರಿ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಆಮೇಲೆ ನೀವು ಅತ್ತಿರಿ ಎಂದು ಕೇಳಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆ ಮಂಡಿ ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅವನ ಅಂಗಡಿ, ಅವನ ಮನೆ ಎರಡೂ ನಮ್ಮ ಬೀದಿಯ ಬಾಯಲ್ಲೇ ಇರುವುದರಿಂದ, ನೀವು ಹೋದ ಮೇಲೆ ನಾನು ಆ ದಾರಿ ಬಿಟ್ಟು ಹಳೆಯ ಗೋದಾಮುಗಳ ಹಿಂದಿನಿಂದ ಸುತ್ತಿ ಮನೆ ಸೇರುತ್ತಿದ್ದೆ. ಬೀದಿಯಲ್ಲಿ ಯಾರಾದರೂ ನಕ್ಕರೆ ನನ್ನನ್ನು ನೋಡಿಯೇ ನಕ್ಕರು ಅನ್ನಿಸುತ್ತಿತ್ತು.

ಆಗ ಶುರುವಾದದ್ದು ಈ ಸಂಘ. ಬೋರ್ಡಿನ ಮೇಲೆ ಶಾಂತಿ, ನೆರವು ಎಂದೆಲ್ಲ ದೊಡ್ಡ ಹೆಸರಿದೆ. ಬೀದಿಯವರು ಕರೆಯುವುದು ಚಪ್ಪಲಿ ಸಂಘ. ಮುಚ್ಚಿಹೋದ ಸೈಕಲ್ ಅಂಗಡಿಯೇ ಅವರ ಕೋಣೆ. ಒಳಗೆ ಒಂದು ಮೇಜು, ನಾಲ್ಕಾರು ಕುರ್ಚಿ, ಗೋಡೆಯಲ್ಲಿ ಇನ್ನೂ ಹೋಗದ ಗ್ರೀಸಿನ ಕಲೆ. ಇದನ್ನು ಕಟ್ಟಿದವರು ಒಬ್ಬ ನಿವೃತ್ತ ಬಸ್ ಕಂಡಕ್ಟರು. ನೀವು ಅವರನ್ನು ನೋಡಿಲ್ಲ, ನಮ್ಮ ಕಡೆಗೆ ಹೊಸದಾಗಿ ಬಂದವರು. ಮಕ್ಕಳೆಲ್ಲ ಕಂಡಕ್ಟರಜ್ಜ ಎನ್ನುತ್ತಾರೆ, ಈಗ ನಾವೂ ಹಾಗೇ ಎನ್ನುತ್ತೇವೆ. ಬಸ್ಸಿನೊಳಗೆ ಜೀವಮಾನವಿಡೀ ಜಗಳ ಬಿಡಿಸಿದ ಮನುಷ್ಯ. ಅವರ ಗಂಟಲು ಕೇಳಿದರೆ ನಿಂತ ಲಾರಿಯೂ ಮುಂದೆ ಸರಿಯಬೇಕು.

ಅವರ ಕೆಲಸದ ರೀತಿ ಮೊದಮೊದಲು ನನಗೆ ನಗು ತರಿಸಿತ್ತು. ಎಲ್ಲಾದರೂ ಇಬ್ಬರು ಕೈ ಮಿಲಾಯಿಸುವ ಹಂತಕ್ಕೆ ಬಂದರೆ ಸಂಘದವರು ಓಡಿಹೋಗುತ್ತಾರೆ. ಬುದ್ಧಿ ಹೇಳುವುದಿಲ್ಲ, ತಪ್ಪು ಯಾರದು ಎಂದು ಕೇಳುವುದಿಲ್ಲ. ಒಬ್ಬೊಬ್ಬನ ಎಡಬಲಕ್ಕೆ ಇಬ್ಬಿಬ್ಬರು ಸೇರಿ, “ಬನ್ನಿ, ಸ್ವಲ್ಪ ಮುಂದೆ ನಡೀರಿ” ಎಂದು ಬೇರೆ ಬೇರೆ ದಿಕ್ಕಿಗೆ ಕರೆದುಕೊಂಡು ಹೊರಡುತ್ತಾರೆ. ಅವನು ಬೈದರೂ ಜೊತೆಗೇ, ಅತ್ತರೂ ಜೊತೆಗೇ. ಉಸಿರು ಇಳಿಯುವವರೆಗೆ ನಡಿಗೆ. ದಾರಿಯಲ್ಲಾಗಲಿ ಸಂಘದ ಕೋಣೆಯಲ್ಲಾಗಲಿ ಜಗಳದ ಮಾತು ಎತ್ತಕೂಡದು, ಅದೊಂದೇ ನಿಯಮ. ಕಾಲು ಸೋತರೆ ಕೈ ತಾನಾಗಿ ಸುಮ್ಮನಾಗುತ್ತೆ ಎಂಬುದು ಕಂಡಕ್ಟರಜ್ಜನ ಸಿದ್ಧಾಂತ. ಸಂಘಕ್ಕೆ ಖರ್ಚೆಂದರೆ ಚಪ್ಪಲಿಯ ಅಟ್ಟೆಯೊಂದೇ. ಅದನ್ನೂ ಮೂಲೆಯ ಚಮ್ಮಾರ ಸಂಘದ ಸದಸ್ಯನಾಗಿ ಪುಕ್ಕಟೆ ಹಾಕಿಕೊಡುತ್ತಾನೆ.

ಎಡವಟ್ಟು ಆಗಿಲ್ಲವೆಂದಲ್ಲ. ಒಮ್ಮೆ ಭಾವ-ಭಾವಮೈದುನರಿಬ್ಬರು ಮನೆ ಬದಲಿಸುತ್ತ ಮೆಟ್ಟಿಲ ಮೇಲೆ ಬೀರು ಸಿಕ್ಕಿಸಿಕೊಂಡು, ಒಬ್ಬ “ನೂಕೋ” ಎಂದರೆ ಇನ್ನೊಬ್ಬ “ನೀನೇ ಬಿಡೋ” ಎಂದು ಅರಚುತ್ತಿದ್ದರು. ಸಂಘದವರು ಬಂದವರೇ ಒಬ್ಬನನ್ನು ನೀರಿನ ಟ್ಯಾಂಕಿನ ಕಡೆಗೂ ಇನ್ನೊಬ್ಬನನ್ನು ಶಾಲೆಯ ಕಡೆಗೂ ನಡೆಸಿಕೊಂಡು ಹೋದರು. ಜಗಳದ ಮಾತು ಎತ್ತಕೂಡದಲ್ಲ, ಆದ್ದರಿಂದ ಇದು ಜಗಳವೇ ಅಲ್ಲ ಎನ್ನಲೂ ಅವರಿಗೆ ಬಾಯಿ ಬಿಡಲು ಬಿಡಲಿಲ್ಲ! ಬೀರು ಮೆಟ್ಟಿಲ ಮೇಲೇ, ಮೇಲೆ ಹತ್ತಲಾಗದ ಅತ್ತೆ ಅಂಗಳದಲ್ಲೇ. ಮಗಳು ಇದನ್ನು ನಟಿಸಿ ತೋರಿಸಿದರೆ ನನಗೆ ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗು.

ಆದರೆ ನಗುತ್ತ ನಗುತ್ತ ನೋಡಿದೆ. ಬೀದಿಯಲ್ಲಿ ಹೊಡೆದಾಟದ ಸದ್ದು ಕಡಿಮೆಯಾಯಿತು. ಕುಡಿದು ಬಂದು ಹೆಂಡತಿಯ ಮೇಲೆ ಕೈಮಾಡುವವನಿದ್ದರೆ ಅವನನ್ನು ನಡೆಸಿ ಸಮಾಧಾನ ಮಾಡುವ ಗೊಡವೆಗೆ ಇವರು ಹೋಗುವುದಿಲ್ಲ. ಅವಳನ್ನು, ಮಕ್ಕಳನ್ನು ಹೊರಗೆ ಕರೆತಂದು, ಇರಲು ಜಾಗ ಹುಡುಕಿ, ವಕೀಲರ ಹತ್ತಿರ ಕರೆದೊಯ್ದು, ಆಮೇಲೂ ಕೈಬಿಡುವುದಿಲ್ಲ. ನಮ್ಮ ಹಿಂದಿನ ಮನೆಯವಳು ಈಗ ನನ್ನ ಜೊತೆ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆಂದರೆ ಅದು ಇವರಿಂದಲೇ. ಮೆಡಲಿಲ್ಲ, ಸಂಬಳವಿಲ್ಲ, ಸಂಜೆ ಕೆಲಸ ಮುಗಿಸಿ ಬಂದು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಡುವ ಜನ. ಇಂಥವರನ್ನು ಕಂಡರೆ ನನಗೆ ಕೈ ಮುಗಿಯಬೇಕೆನಿಸುತ್ತದೆ. ಮುಗಿದರೆ ಬೈಯುತ್ತಾರೆ, ಅದು ಬೇರೆ ಮಾತು.

ನಾನು ಗೋದಾಮಿನ ಹಿಂದಿನಿಂದ ಒಬ್ಬಳೇ ಸುತ್ತಿ ಬರುವುದನ್ನು ಯಾರೋ ಕಂಡಕ್ಟರಜ್ಜನಿಗೆ ಹೇಳಿದರು. ಅವರು ನನ್ನನ್ನು ಕೋಣೆಗೆ ಕರೆಸಿ, ಸಂಜೆ ಅದೇ ಹೊತ್ತಿಗೆ ಕೆಲಸ ಬಿಟ್ಟು ಬರುವ ಇನ್ನೊಬ್ಬ ಹೆಂಗಸಿನ ಜೊತೆ ಹಾಕಿದರು. ಇನ್ನು ಮೇಲೆ ನೇರ ದಾರಿಯಲ್ಲಿ ಇಬ್ಬರೂ ಕೂಡಿ ಬನ್ನಿ ಎಂದರು. ಆ ಹೆಂಗಸು ತಿರುಗಿದರು. ಬೀಗದವನ ತಾಯಿ.

ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಹೊಸಬರಾದ ಅಜ್ಜ ಒಬ್ಬರನ್ನು ಬಿಟ್ಟು. ಆದರೆ ಸಂಘದೊಳಗೆ ಯಾರು ಯಾರಿಗೆ ಏನು ಮಾಡಿದರು ಎಂದು ಹೇಳಕೂಡದಲ್ಲ! ಚಮ್ಮಾರ ದರ್ಜಿಯ ಮುಖ ನೋಡಿದ, ದರ್ಜಿ ಗೋಡೆ ನೋಡಿದ. ತಾವೇ ಮಾಡಿದ ನಿಯಮಕ್ಕೆ ಕಟ್ಟುಬಿದ್ದು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂತರು. ನಾವಿಬ್ಬರೂ ಹೊರಟೆವು.

ಮೊದಲ ದಿನ ಅವರು ಆ ಬದಿ, ನಾನು ಈ ಬದಿ, ನಡುವೆ ಇಡೀ ರಸ್ತೆ. ಜಗಳದ ಮಾತು ಆಡುವಂತಿಲ್ಲ, ನಮ್ಮ ನಡುವೆ ಇದ್ದದ್ದೇ ಅದೊಂದು. ಹಾಗಾಗಿ ಎಷ್ಟೋ ಸಂಜೆ ಚಪ್ಪಲಿಯ ಸದ್ದಷ್ಟೇ. ಆಮೇಲೊಂದು ದಿನ ಅವರು ಹಿಮ್ಮಡಿ ನೋವು ಎಂದರು, ನಾನು ಬಿಸಿನೀರಿನಲ್ಲಿ ಕಾಲಿಡಿ ಎಂದೆ. ಇನ್ನೊಂದು ದಿನ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಅವರು ರಸ್ತೆ ದಾಟಿ ಬಂದು, ತಮ್ಮ ಬಟ್ಟೆಯ ಪಿನ್ನು ತೆಗೆದು ಚುಚ್ಚಿ ಸರಿಮಾಡಿ, “ಬರಿಗಾಲಲ್ಲಿ ನಡೀಬೇಡಮ್ಮ, ಇಲ್ಲೆಲ್ಲ ಗಾಜಿದೆ” ಎಂದರು. ನನ್ನ ಗಂಡ ಇವರ ಮಗನ ಕಾಲು ಮುರಿದ, ಇವರು ನನ್ನ ಕಾಲಿಗೆ ಗಾಜು ಚುಚ್ಚದಿರಲೆಂದು ಕುಕ್ಕರಗಾಲಲ್ಲಿ ಕೂತಿದ್ದಾರೆ. ನಾನು ಅಲ್ಲೇ ಅತ್ತುಬಿಟ್ಟೆ. ಅವರು ನೋಡದವರಂತೆ ಪಿನ್ನನ್ನೇ ನೋಡುತ್ತಿದ್ದರು.

ಅಜ್ಜನಿಗೆ ವಿಷಯ ಕೊನೆಗೆ ಚಮ್ಮಾರನ ಬಾಯಿಂದ ತಿಳಿಯಿತು. ತಲೆ ಮೇಲೆ ಕೈಹೊತ್ತುಕೊಂಡು ಎರಡೂ ಮನೆಗೆ ಬಂದರು, ದೊಡ್ಡ ತಪ್ಪಾಯಿತು, ನಾಳೆಯಿಂದಲೇ ಜೊತೆ ಬದಲಿಸುತ್ತೇನೆ ಎಂದರು. ಬೀಗದವನ ತಾಯಿ ಏನೆಂದರು ಗೊತ್ತೇ? “ಅಭ್ಯಾಸ ಆಗಿಹೋಗಿದೆ, ಈಗ ತಿದ್ದೋಕೆ ಹೋಗ್ಬೇಡಿ.” ಆ ದಿನವೇ ನಾನೂ ಸಂಘಕ್ಕೆ ಸೇರಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಬಿಡುಗಡೆಯ ಸುದ್ದಿಯನ್ನು ನಿಮ್ಮ ಗೆಳೆಯರು ಗ್ಯಾರೇಜಿನ ಮುಂದೆ ನಿಂತು ಊರಿಗೆಲ್ಲ ಸಾರಿದರು. ಕಾರಿನಲ್ಲಿ ತರುತ್ತೇವೆ, ಅಡ್ಡ ಬಂದವನ ಇನ್ನೊಂದು ಕಾಲೂ ಹೋಗುತ್ತದೆ ಎಂದು ಯಾವನೋ ಬಾಯಿ ಹರಿಬಿಟ್ಟ. ಬೆಂಕಿಗೆ ತುಪ್ಪ ಸುರಿದಂತಾಯಿತು. ಬೀಗದವನ ತಮ್ಮ ಅಂಗಡಿಯ ಸುತ್ತಿಗೆ ಹಿಡಿದು ಹಾಡಹಗಲೇ ಗ್ಯಾರೇಜಿನ ಕಡೆ ಹೊರಟ. ಅಜ್ಜ ಅವನ ಬಲಕ್ಕೆ, ಚಮ್ಮಾರ ಎಡಕ್ಕೆ ಸೇರಿಕೊಂಡರು. ಗ್ಯಾರೇಜಿನ ತಿರುವು ಬಂದಾಗ ಮಾತು ಮಾತಿನಲ್ಲೇ ಅವನನ್ನು ಮುಂದಕ್ಕೆ ಒಯ್ದರಂತೆ. ಅವನು ಬೈದ, ಅಜ್ಜನನ್ನು ನೂಕಿದ, ಅಜ್ಜ ಬಿದ್ದು ಎದ್ದು ಮತ್ತೆ ಬಲಕ್ಕೆ ಬಂದರು. ಮಾರುಕಟ್ಟೆ, ರೈಲ್ವೆ ಗೇಟು, ಮತ್ತೆ ಮಾರುಕಟ್ಟೆ. ಒಬ್ಬರು ಸೋತರೆ ಇನ್ನೊಬ್ಬರು. ನಾನು ಲಾಂಡ್ರಿಯಿಂದ ಹೊರಬರುವಾಗ ಚಮ್ಮಾರನ ಕಾಲು ಏಳುತ್ತಿರಲಿಲ್ಲ. ಬದಲಿಗೆ ಬೇರೆ ಯಾರೂ ಉಳಿದಿರಲಿಲ್ಲ. ನಾನು ಎಡಕ್ಕೆ ಹೋಗಿ ನಡೆಯತೊಡಗಿದೆ.

ನನಗೆ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ಅವನು ನನ್ನನ್ನು ಗುರುತಿಸಿ ಗಕ್ಕನೆ ನಿಂತ. “ನೀವ್ಯಾಕೆ ಬಂದ್ರಿ?” ಎಂದ. ನನ್ನ ಸರದಿ ಎಂದೆ. ಸುತ್ತಿಗೆಯನ್ನು ಕೈಯಿಂದ ಕೈಗೆ ಬದಲಿಸುತ್ತ ಬಹಳ ದೂರ ನಡೆದ. ಆಮೇಲೆ ನಿಯಮ ಮುರಿದು ಒಂದೇ ಮಾತು ಆಡಿದ, “ಅಣ್ಣ ಇವತ್ತಿಗೂ ಮೆಟ್ಟಿಲು ಹತ್ತೋವಾಗ ನನ್ನ ಹೆಗಲು ಹಿಡ್ಕೋತಾನೆ.” ಜೊತೆಗೆ ನಡೆದೆ, ಅಷ್ಟೇ. ಟ್ಯಾಂಕಿನ ಹತ್ತಿರ ಅವನು ಕುಸಿದು ಕೂತು ನೀರು ಕೇಳಿದ. ಅಜ್ಜ ಬೊಗಸೆಯಲ್ಲಿ ನೀರು ತರುವಾಗ ಅವರ ಮಂಡಿಯಿಂದ ರಕ್ತ ಸೋರುತ್ತಿತ್ತು. ಅದನ್ನು ಕಂಡು ಅವನು ಸುತ್ತಿಗೆಯನ್ನು ಕಾಲ ಬಳಿ ಇಟ್ಟ.

ಅವನು ಮಾತು ಕೊಟ್ಟಿಲ್ಲ, ಮಾತು ಕೇಳುವ ಮುಖ ನಮಗೂ ಇಲ್ಲ. ಹೇಳಿದ್ದು ಇಷ್ಟು. ನೀವು ಸುಮ್ಮನೆ ನಡೆದು ಬಂದರೆ ತಾನು ಮನೆಯೊಳಗೇ ಇರುತ್ತೇನೆ, ಆ ಕಾರು ಬೀದಿಗೆ ಬಂದರೆ ಮಾತ್ರ ಮುಂದಿನದಕ್ಕೆ ತಾನು ಹೊಣೆಯಲ್ಲ. ಕಾರು ಬಂದರೆ ಯಾರದೋ ಒಂದು ಹೆಣ ಬೀಳುತ್ತದೆ. ಅದು ನಿಮ್ಮದೇ ಇರಬಹುದು. ಅವನದಾದರೆ ಆ ತಾಯಿಯ ಜೊತೆ ನಾನು ಹೇಗೆ ನಡೆಯಲಿ?

ಆದ್ದರಿಂದ ಶುಕ್ರವಾರ ಮಧ್ಯಾಹ್ನದ ಬಸ್ಸು ಹತ್ತಿ, ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಿರಿ. ಖಾಕಿ ಅಂಗಿಯ, ಮಂಡಿಗೆ ಪಟ್ಟಿ ಕಟ್ಟಿದ ಮುದುಕರು ನಿಂತಿರುತ್ತಾರೆ. ಅವರು ನಿಮ್ಮ ಎಡಕ್ಕೆ ಬರುತ್ತಾರೆ. ಬಲಕ್ಕೆ ಯಾರು ಎಂದು ಇನ್ನೂ ತೀರ್ಮಾನವಾಗಿಲ್ಲ. ನಿಮಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಜ್ಜನಿಗೆ ಹೇಳಿದ್ದೇನೆ. ಹೊಸ ಅಟ್ಟೆ ಹಾಕಿಸಿಕೊಂಡಿದ್ದಾರಂತೆ. ನೀವು ಎಂದೂ ಯಾರ ಜೊತೆಗೂ ನಡೆದವರಲ್ಲ. ಮದುವೆಯಾದಾಗಿನಿಂದ ನಿಮ್ಮ ದಾಪುಗಾಲಿನ ಹಿಂದೆ ನಾನು ಓಡಿದ್ದೇ ಓಡಿದ್ದು, ಮಗಳು ಹುಟ್ಟಿದ ಮೇಲೆ ಅವಳನ್ನೂ ಎತ್ತಿಕೊಂಡು ಓಡಿದ್ದು. ಇದೊಂದು ದಿನ ಇನ್ನೊಬ್ಬರ ಜೊತೆಗೆ ಬನ್ನಿ.

ಮನೆಯಲ್ಲಿ ನಿಮಗೆ ಜಾಗ ಇದೆಯೇ ಎಂದು ಕೇಳಿದ್ದೀರಿ. ಅದಕ್ಕೆ ಕಾಗದದಲ್ಲಿ ಉತ್ತರ ಕೊಡಲಾರೆ. ನೀವು ಹೇಗೆ ಬರುತ್ತೀರೋ ನೋಡಿ ಹೇಳುತ್ತೇನೆ. ಬಿಡುವು ಮುಗಿಯಿತು, ಯಂತ್ರ ಕೂಗುತ್ತಿದೆ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಕಾಗದ ಮತ್ತೆ ಬಿಚ್ಚಿದೆ. ಬಲಕ್ಕೆ ಯಾರೆಂದು ತೀರ್ಮಾನವಾಗಿಲ್ಲ ಎಂದು ಬರೆದದ್ದು ಸುಳ್ಳು. ತಿಳಿದರೆ ನೀವು ಬಸ್ಸೇ ಹತ್ತಲಾರಿರಿ ಎಂದು ಹೆದರಿದ್ದೆ. ಆದರೆ ತಿಳಿಯದೆ ಬರುವುದೂ ಸರಿಯಲ್ಲ. ನಿನ್ನೆ ಬೀಗದವನೇ ಗೋಡೆ ಹಿಡಿದುಕೊಂಡು ಸಂಘದ ಕೋಣೆಗೆ ಬಂದ, ಮೊದಲ ಸಲ. ಶುಕ್ರವಾರದ ಬಲಗಡೆ ತನಗೆ ಕೊಡಿ ಎಂದ. “ನಾನು ಪಕ್ಕದಲ್ಲಿದ್ರೆ ನನ್ನ ತಮ್ಮ ಕೈ ಎತ್ತಲ್ಲ” ಎಂದ. ಕಂಡಕ್ಟರಜ್ಜ ಎದ್ದು ತಮ್ಮ ಕುರ್ಚಿಯನ್ನು ಅವನಿಗೆ ಕೊಟ್ಟರು. ದಾರಿಯಲ್ಲಿ ನೀವು ಆ ದಿನದ ಮಾತು ಎತ್ತಕೂಡದು, ಕ್ಷಮೆಯನ್ನೂ ಕೇಳಕೂಡದು, ಅದು ನಿಯಮ. ಕೇಳುವುದನ್ನು ಮನೆ ತಲುಪಿದ ಮೇಲೆ ಕೇಳಿ, ಇಬ್ಬರಿಗೂ ಕುರ್ಚಿ ಹಾಕಿರುತ್ತೇನೆ. ದಾರಿಯಲ್ಲಿ ನೀವು ಮಾಡಬೇಕಾದದ್ದು ಒಂದೇ. ಮೆಲ್ಲಗೆ ನಡೆಯಿರಿ. ಅವನಿಗೆ ಬೇಗ ನಡೆಯಲು ಆಗುವುದಿಲ್ಲ.