ಸರದಾರನ ಬಿಳಿ ತಂತು

೬ ಜನವರಿ, ಬೆಳಿಗ್ಗೆ

ಖಾನಾಪುರ ಸ್ಟ್ಯಾಂಡು. ಫ್ಯಾಕ್ಟರಿಗೆ ಹೋಗುವ ಮಚ್ಛೆ ಬಸ್ಸು ಇನ್ನೂ ಇಲ್ಲ. ನಿಂತಲ್ಲಿ ನಿಲ್ಲಲಾರೆ. ಕಂಬ ಸುತ್ತಿದೆ, ಮತ್ತೆ ಸುತ್ತಿದೆ. ಮಳೆಗಾಲ ಪೂರ್ತಿ ಹಾಸಿಗೆ ಹಿಡಿದಿದ್ದ ಬಾಳೇಶ ಇವನೇನಾ? ಡಿಪ್ರೆಶನ್ ಅಂದರು, ಗುಳಿಗೆ ಕೊಟ್ಟರು. ಆಹಾ, ಎದ್ದೆ! ಈಗ ನಿದ್ದೆಯೇ ಬೇಡ. ಫ್ಯಾಕ್ಟರಿಯಲ್ಲಿ ಲೇತ್ ಸದ್ದಿನ ಮೇಲೆ ನಮ್ಮೂರ ನಾಟಕದಲ್ಲಿ ನಾನಾಡುವ ಸರದಾರನ ಮಾತು ಗುಡುಗಿಸುತ್ತೇನೆ. ಸೂಪರ್‌ವೈಸರ್ ಕಿವಿ ಮುಚ್ಚಿಕೊಳ್ಳುತ್ತಾನೆ. ಮುಚ್ಚಿಕೊಳ್ಳಲಿ, ಪಾಮರ!

೯ ಜನವರಿ

'ಮಲಗಿದ್ರೂ ಕಾಡ್ತಿ, ಎದ್ರೂ ಕಾಡ್ತಿ. ನಡಿ ಬೆಳಗಾವಿಗಿ' ಅಂದಳು ಪ್ರಮಿಳಾ. ನನ್ನ ಹೆಂಡತಿ — ಸೈನ್ಯವಿಲ್ಲದ ಸೇನಾಪತಿ. ಹೊಸ ಡಾಕ್ಟರು, ಶೀತಲ ಮೇಡಂ. ತಲೆಯಲ್ಲಿ ಗಡ್ಡೆಗಿಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಎಂಆರ್‌ಐ ಬರೆದರು. ಕೊಳವೆಯೊಳಗೆ ಅಲ್ಲಾಡಬಾರದಂತೆ. ನಾನು! ಡಗ್ ಡಗ್ ಡಗ್... ಕಾಲು ತಾಳ ಹಾಕಿತು. ಚಿತ್ರ ಕೆಟ್ಟಿತು. ಮತ್ತೆ ಒಳಗೆ ತಳ್ಳಿದರು.

೧೬ ಜನವರಿ, ಮಧ್ಯಾಹ್ನ

ರಿಪೋರ್ಟು ಬಂತು, ಗಡ್ಡೆಯಿಲ್ಲ. ನಮ್ಮ ನಾಟಕಕ್ಕೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಮಾಯಪ್ಪನೂ ಬಂದಿದ್ದ — ಹೀರೋನ ತಲೆಯ ಫೋಟೋ ನೋಡಲು.

ಮೇಡಂ ಅಂದರು: 'ಮೆದುಳಿನ ಭಾಗ ಜೋಡಿಸೋ ಬಿಳಿ ತಂತು ಇರ್ತಾವ. ಬೈಪೋಲರ್ — ಒಮ್ಮೆ ಕುಸಿಯೂದು, ಒಮ್ಮೆ ಉಕ್ಕೂದು — ಇದ್ದವರಾಗ, ಬರೀ ಡಿಪ್ರೆಶನ್ ಇದ್ದವರಾಗ, ಗುಂಪು ಹಿಡಿದು ನೋಡಿದ್ರ ಫರಕ್ ಕಾಣ್ತೈತಿ. ಆದ್ರ ಒಬ್ಬರದ ಫೋಟೋ ನೋಡಿ ಇಂಥಾದ್ದ ಅನ್ನಾಕ ಬರೂದಿಲ್ಲ.'

'ಮತ್ತ ಯಾರ ಹೇಳಬೇಕ್ರಿ?' ಅಂದೆ.

'ನೀವ. ಎಂದರ ಮಿತಿ ಮೀರಿ ಹುರುಪ ಬಂದಿತ್ತೇನು?'

'ಇಲ್ರಿ' ಅಂದೆ. ನಂಬಿಯೇ ಅಂದೆ.

ಮಾಯಪ್ಪ ಎದೆಯುಬ್ಬಿಸಿದ. 'ಹುರುಪ ಅಲ್ರಿ ಅದು, ಕಳೆ! ಹೋದ ವರ್ಷ ತಾಲೀಮಿನ್ಯಾಗ ವಾರಗಟ್ಲೆ ಕಣ್ಣ ಮುಚ್ಚಲಿಲ್ಲ ಈಂವ. ಗಾಡಿ ಮಾರಿ ಸರದಾರಗ ಖರೇ ಬೆಳ್ಳಿ ಕತ್ತಿ ಮಾಡಿಸಿದ! ಇಂಥಾ ನಟ ಜಿಲ್ಲಾದಾಗ ಇಲ್ರಿ!'

ಮೇಡಂ ನಗಲಿಲ್ಲ. 'ಇದು ಬೈಪೋಲರ್ ಇರಬೇಕು. ಆ ಡಿಪ್ರೆಶನ್ ಗುಳಿಗಿನ ನಿಮ್ಮನ್ನ ಹಿಂಗ ಏರಿಸಿರಬೇಕು. ಅದು ಬ್ಯಾಡ, ಬ್ಯಾರೆ ಕೊಡ್ತೀನಿ. ರಾತ್ರಿ ನಿದ್ದಿ ಬಿಡಾಂಗಿಲ್ಲ.'

'ನಾಟಕ ಬೆಳತನಕಾ ಇರ್ತೈತ್ರಿ...' ಅಂದೆ.

'ಅದೂ ಇಲ್ಲ.'

ಬಸ್ಸಿನಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ. ಹಾಗಾದರೆ ಮಂದಿ ಚಪ್ಪಾಳೆ ಹೊಡೆದದ್ದು ಯಾರಿಗೆ — ನನಗೋ, ರೋಗಕ್ಕೋ?

೨೬ ಜನವರಿ

ಹೊಸ ಗುಳಿಗೆ ದಿನಾ ಬಚ್ಚಲಿಗೆ ಉಗುಳುತ್ತಿದ್ದೇನೆ. ನುಂಗಿ ಧ್ವನಿ ಸತ್ತರೆ? ಕೂತರೆ ಏಳಬೇಕು, ಎದ್ದರೆ ಓಡಬೇಕು.

ಪ್ರಮಿಳಾ ಹಿಡಿದಳು. ಕೂಗಾಡಲಿಲ್ಲ. 'ಕತ್ತಿ ಹಿಡದದ್ದ ಊರ ನೋಡೇತಿ. ಮಳಿಗಾಲದಾಗ ಬಾವಿ ಕಟ್ಟಿ ಮ್ಯಾಲ ಕುಂತಿದ್ದಿ... ಅದನ್ನ ನಾ ಒಬ್ಬಾಕಿ ನೋಡೀನಿ.'

ಗುಳಿಗೆ ಚೀಟಿ ತಂದು ಅವಳ ಕೈಗಿಟ್ಟೆ. ಎಂಥಾ ಮಾತುಗಾರ ನಾನು!

೨೭ ಜನವರಿ, ಸಂಜೆ

ಮಾಯಪ್ಪ ಪೇಟಿ ಹೊತ್ತು ಬಂದ. ಈ ಸಲ ನಾಟಕ ಹಗಲು ಆಡೋಣ ಅಂದೆ.

'ಹಗಲ ಬೆಳಕಿನ್ಯಾಗ ಸರದಾರಗ ಕೋಳಿ ಸುದ್ದಾ ಹೆದರೂದಿಲ್ಲೋ ಮಾರಾಯ!'

'ಹೆದರಲಿ ಬಿಡಲಿ. ರಾತ್ರಿ ನಾ ಮಲಗಾಂವ.'

ಪ್ರಮಿಳಾ ಗುಳಿಗೆ, ನೀರು ತಂದಳು. ಅವನ ಎದುರೇ ನುಂಗಿದೆ. ನಾಲಗೆ ಎತ್ತಿ ತೋರಿಸು ಅಂದಳು. ತೋರಿಸಿದೆ, ಸಾಲಿ ಹುಡುಗನ ಹಾಗೆ.

ಮಾಯಪ್ಪ ಗೊಣಗುತ್ತಲೇ ಪೇಟಿ ಬಿಚ್ಚಿದ. ಸುರ ಹಿಡಿದ. 'ಹೂಂ, ಒದರು ನೋಡೂಣು.'

ಎದ್ದು ನಿಂತೆ. ಬಾಯಿ ತೆರೆದೆ. ಧ್ವನಿ ಬಂತು; ಅಂಗಳದ ಕೋಳಿ ಬೆದರಿ ಹಾರಿತು.